ಬಹುವಚನದಲ್ಲಿ ಸೈಕಲ್ಲು

ಜನವರಿ 6, ಸೋಮವಾರ

ದ್ವೀಪಕ್ಕೆ ಬಂದು ಸೇರಿದ್ದಾಯಿತು. ಸೇರಿದ ಸ್ವಲ್ಪ ಹೊತ್ತಿಗೇ ಇಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿಯೂ ಆಯಿತು: ಒಂದು ದೋಣಿಕಟ್ಟೆ, ಒಂದು ದೀಪಸ್ತಂಭ, ದ್ವೀಪದ ಸುತ್ತ ಬಳೆಯ ಹಾಗೆ ಒಂದೇ ಒಂದು ರಸ್ತೆ. ಉಳಿದದ್ದು ಸಮುದ್ರ. ಕಾರಿಲ್ಲ, ಬಸ್ಸಿಲ್ಲ, ಎಲ್ಲರೂ ಸೈಕಲ್ಲಿನವರೇ. ಸದ್ದೆಂಬುದೇ ಇಲ್ಲ. ಇಂಥ ಕಡೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಅಂತ ನನ್ನಾಕೆ ಹೇಳಿ ಕಳಿಸಿದ್ದಾಳೆ. ನನಗೆ ಸಿಕ್ಕಿರುವುದು ಅಂಗಾಲಿನಲ್ಲಿ ತುರಿಕೆ. ಕೂತರೆ ಏಳೋಣ ಅನಿಸುತ್ತದೆ, ಎದ್ದರೆ ಎಲ್ಲಿಗೆ ಅಂತ ತಿಳಿಯುವುದಿಲ್ಲ. ಲಾಡ್ಜಿನ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿದೆ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ತಲೆ ನರೆಸಿಕೊಂಡವನಿಗೆ ಇಡೀ ದ್ವೀಪದಲ್ಲಿ ಅದೊಂದೇ ಪರಿಚಯದವರಂತೆ ಕಂಡಿತು.

ನಾನು ಬಂದಿರುವುದು ಪ್ರವಾಸಕ್ಕಲ್ಲ, ಪರೀಕ್ಷೆಗೆ. ನನ್ನಾಕೆ ಮತ್ತು ಅವಳ ತಂಗಿ ಸೇರಿ ಒಂದು ಹೊಲಿಗೆ ಅಂಗಡಿ ನಡೆಸುತ್ತಾರೆ. ಅಂಗಡಿಯ ಹಿಂದೆಯೇ ಕೆಳಗೊಂದು ಮೇಲೊಂದು ಮನೆ ಖಾಲಿಯಾಗಿದೆ. ಅಕ್ಕ ತಂಗಿಗೆ ಅಲ್ಲಿ ಒಟ್ಟಿಗಿರಬೇಕೆಂಬ ಆಸೆ. ಇಬ್ಬರು ಗಂಡಂದಿರು ಒಂದೇ ಸೂರಿನಡಿ ಬಾಳಬಲ್ಲರೇ ಎಂಬುದೊಂದೇ ಸಂಶಯ. ಅದಕ್ಕೇ ತೀರ್ಪು: ಇಬ್ಬರೂ ಒಂದು ವಾರ ಒಟ್ಟಿಗೆ ಹೋಗಿ ಸೈಕಲ್ ತುಳಿದುಕೊಂಡಿರಿ. ಭಾನುವಾರ ದೋಣಿ ಹತ್ತುವ ಮುಂಚೆ ಹೂಂ ಅಥವಾ ಊಹೂಂ ಹೇಳಿ. ಆಮೇಲೆ ಮನೆ ಮಾಲೀಕರು ಕಾಯುವುದಿಲ್ಲ.

ನನ್ನ ಉತ್ತರ ಚೀಲ ಕಟ್ಟುವ ಮೊದಲೇ ಸಿದ್ಧವಾಗಿತ್ತು. ಊಹೂಂ. ಕಾರಣ ಷಡ್ಡಕರು.

ಷಡ್ಡಕರೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಲೈಸೆನ್ಸ್ ಬೇಕೆಂದು ಬಂದವರ ಪಕ್ಕ ಕೂತು ‘ಫೇಲ್’ ಎಂದು ಬರೆಯುವುದು ಅವರ ನೌಕರಿ. ನನಗೂ ಬರೆದಿದ್ದಾರೆ. ಏರಿನಲ್ಲಿ ಕಾರು ತುಸು ಹಿಂದಕ್ಕೆ ಜಾರಿತು, ಅಷ್ಟೇ. ಆ ತುಸುವನ್ನು ಸಂಬಂಧದ ಮುಖ ನೋಡಿ ನುಂಗಬಹುದಿತ್ತು. ನುಂಗಲಿಲ್ಲ. ಆಮೇಲೆ ನಾನು ಸ್ಟಿಯರಿಂಗ್ ಮುಟ್ಟಿಲ್ಲ.

ಅದಕ್ಕಿಂತ ಹಳೆಯ ತೊಡಕೊಂದಿದೆ, ವ್ಯಾಕರಣದ್ದು. ಸಂಬಂಧದಲ್ಲಿ ನಾನು ದೊಡ್ಡ ಅಳಿಯ. ವಯಸ್ಸಿನಲ್ಲಿ ಅವರು ದೊಡ್ಡವರು. ನಾನು ‘ನೀನು’ ಅಂದರೆ ಅವರ ವಯಸ್ಸಿಗೆ ಅವಮಾನ, ‘ನೀವು’ ಅಂದರೆ ನನ್ನ ಸ್ಥಾನಕ್ಕೆ. ಅವರ ಕಷ್ಟವೂ ಇದೇ. ಹೀಗಾಗಿ ಅವರ ಮದುವೆಯ ದಿನದಿಂದ ಇವತ್ತಿನವರೆಗೆ ನಾವು ಒಬ್ಬರಿಗೊಬ್ಬರು ನೀನು ಎಂದೂ ಅಂದಿಲ್ಲ, ನೀವು ಎಂದೂ ಅಂದಿಲ್ಲ. ಇಬ್ಬರೂ ಸೇರಿ ಕರ್ತೃವೇ ಇಲ್ಲದ ಕನ್ನಡವೊಂದನ್ನು ಕಟ್ಟಿ ಬೆಳೆಸಿದ್ದೇವೆ. ಇವತ್ತು ದೋಣಿಯಲ್ಲಿ:

“ತಿಂಡಿ ಆಯ್ತಾ?”

“ಆಯ್ತು. ಆ ಕಡೆಯದೂ ಆಯ್ತಾ?”

“ಆಯ್ತು. ನಿದ್ದೆ ಬಂತಾ?”

“ಬಂತು. ಈ ಚೀಲ ಭಾರ ಇದ್ದ ಹಾಗಿದೆ.”

“ಹೌದು, ಭಾರದ್ದೇ.”

ಚೀಲ ಅವರದು, ಇದ್ದದ್ದು ನನ್ನ ತೊಡೆಯ ಮೇಲೆ. ‘ನಿಮ್ಮ ಚೀಲ ತಗೊಳ್ಳಿ’ ಅನ್ನುವ ಹಾಗಿಲ್ಲ, ‘ನಿನ್ನ ಚೀಲ ತಗೋ’ ಅನ್ನುವ ಹಾಗಂತೂ ಇಲ್ಲ. ದಡ ಬರುವವರೆಗೆ ಹೊತ್ತುಕೊಂಡೇ ಬಂದೆ.

ಇಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಮುದುಕಿಗೆ ದ್ವೀಪದವರೆಲ್ಲ ಸೈಕಲ್ಲಮ್ಮ ಅನ್ನುತ್ತಾರೆ. ಆಕೆಗೆ ನಮ್ಮ ತೊಡಕಿಲ್ಲ. ಜಗತ್ತಿನಲ್ಲಿ ಇರುವವರೆಲ್ಲ ಆಕೆಗೆ ಏಕವಚನ. “ಬಾರಪ್ಪ, ಯಾವುದು ಬೇಕೋ ತಗೋ. ನೀನೂ ತಗೊಳ್ಳೋ, ಮೀಸೆ.” ಷಡ್ಡಕರ ಮೀಸೆ ಅವರ ಇಲಾಖೆಗೆಲ್ಲ ಪ್ರಸಿದ್ಧ. ಅದನ್ನು ಹೆಸರು ಹಿಡಿದು ಕರೆಯುವ ಧೈರ್ಯ ಈವರೆಗೆ ಯಾರೂ ಮಾಡಿರಲಾರರು.

ನಾನೊಂದು ಸೈಕಲ್ಲು ಆರಿಸಿದೆ. ಷಡ್ಡಕರು ಮಾತ್ರ ಕೈ ಹಿಂದೆ ಕಟ್ಟಿ, ಒಂದನ್ನೂ ಮುಟ್ಟದೆ, ಕೊಳೆತ ತರಕಾರಿಯ ಸಾಲು ನೋಡುವ ಹಾಗೆ ನೋಡುತ್ತ ಹೋದರು. ಮೂಲೆಯಲ್ಲಿ ಎರಡು ಸೀಟಿನ ಉದ್ದನೆಯ ಜೋಡಿ ಸೈಕಲ್ಲೊಂದು ನಿಂತಿತ್ತು. ಷಡ್ಡಕರ ಮುಖದಲ್ಲಿ ಬೆಳಕು ಬಂತು.

“ಎರಡು ಯಾಕೆ? ಇದೊಂದೇ ಸಾಕಲ್ಲ.”

“ಅದು ಹೊಸದಾಗಿ ಮದುವೆಯಾದೋರು ತಗೊಳ್ಳೋ ಸೈಕಲ್ಲು ಕಣಪ್ಪ,” ಅಂದಳು ಸೈಕಲ್ಲಮ್ಮ.

ಷಡ್ಡಕರು ಕದಲಲಿಲ್ಲ. “ಹಿಂದಿನ ಸೀಟು ನನಗಿರಲಿ,” ಎಂದರು.

ಸೋಮಾರಿ ಎಂದು ಗೊತ್ತಿತ್ತು. ಇಷ್ಟೊಂದು ಎಂದು ಗೊತ್ತಿರಲಿಲ್ಲ.

ಜನವರಿ 7, ಮಂಗಳವಾರ

ಜೋಡಿ ಸೈಕಲ್ಲಿನ ರಾಜ್ಯಾಂಗ ಹೀಗಿದೆ: ಮುಂದಿನವನಿಗೆ ಜವಾಬ್ದಾರಿ, ಹಿಂದಿನವನಿಗೆ ಅಭಿಪ್ರಾಯ.

“ತಿರುವಿನಲ್ಲಿ ಕೈ ತೋರಿಸಬೇಕು.”

ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. “ಯಾರಿಗೆ?”

“ನಿಯಮಕ್ಕೆ.”

ತೋರಿಸಿದೆ. ದ್ವೀಪ ದುಂಡಗಿದೆ, ಅಂದರೆ ರಸ್ತೆಯೆಲ್ಲ ತಿರುವೇ. ಊಟದ ಹೊತ್ತಿಗೆ ನನ್ನ ಎಡಗೈ ದ್ವೀಪದ ಒಳಗಡೆಗೆ ಚಾಚಿಕೊಂಡೇ ನಿಂತುಬಿಟ್ಟಿತ್ತು. ಒಬ್ಬ ಬೆಸ್ತರವನು ಅತ್ತ ಏನಿದೆ ಎಂದು ತಿರುಗಿ ನೋಡಿದ.

ಮಧ್ಯಾಹ್ನ ದೀಪಸ್ತಂಭದ ಏರು. ಅರ್ಧದಲ್ಲಿ ಸೈಕಲ್ಲು ನಿಂತು, ತುಸು ಹಿಂದಕ್ಕೆ ಜಾರಿತು. ಹಿಂದಿನ ಸೀಟಿನಿಂದ ಶಾಂತವಾದ ದನಿ ಬಂತು:

“ಹಳೇ ಅಭ್ಯಾಸ.”

ದೇವರು ನನಗೆ ಕೊಟ್ಟ ಸಹನೆಯೆಲ್ಲ ಆ ಏರಿನಲ್ಲಿ ಖರ್ಚಾಯಿತು. ಮೇಲೆ ಹೋದರೆ ನಾಲ್ಕೂ ಕಡೆ ನೀಲಿ. ನೋಡಿದೆ. ನೋಡಿದ ಕೂಡಲೇ ಇಳಿಯೋಣ ಅನಿಸಿತು. ಇಳಿದ ಮೇಲೆ ಇನ್ನೊಂದು ಸುತ್ತು ಹೋಗೋಣ ಅನಿಸಿತು. ಸುತ್ತು ಬಂದರೆ ಹೊರಟಲ್ಲಿಗೇ ಬರುತ್ತೇವೆ. ಈ ದ್ವೀಪದಿಂದ ಎತ್ತ ಓಡಿದರೂ ಈ ದ್ವೀಪಕ್ಕೇ.

ಭಾನುವಾರದ ಉತ್ತರವನ್ನು ಕಚೇರಿಯ ಧಾಟಿಯಲ್ಲಿ ಮನಸ್ಸಿನಲ್ಲೇ ಸಿದ್ಧಪಡಿಸಿದೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಮನೆಯಲ್ಲಿ ಸದರಿ ಷಡ್ಡಕರೊಂದಿಗೆ ವಾಸಿಸಲು ತಾಂತ್ರಿಕ ಕಾರಣಗಳಿಂದ ಸಾಧ್ಯವಾಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.’ ಓದಿಕೊಂಡರೆ ಚೆನ್ನಾಗಿಯೇ ಇದೆ.

ಜನವರಿ 8, ಬುಧವಾರ

“ನಾಳೆಯಿಂದ ಒಂದೊಂದು ಸೈಕಲ್ ಆದರೆ ಹೇಗೆ?” ಎಂದು ಕೇಳಿದೆ.

“ಸೊಂಟ,” ಎಂದರು.

“ಬೆಳಗ್ಗೆ ಕುತ್ತಿಗೆ ಅಂತ ಕೇಳಿಸಿತ್ತು.”

“ಕುತ್ತಿಗೆಯಿಂದಲೇ ಸೊಂಟಕ್ಕೆ ಬರೋದು.”

ಊಟಕ್ಕೆ ಕೂತಾಗ ಕೆಣಕೋಣ ಎಂದು, “ಆ ಮನೆ ಆದರೆ ಕೆಳಗಿನದು ಯಾರಿಗೆ?” ಎಂದೆ. ಮೆಟ್ಟಿಲು ಹತ್ತುವುದು ನನಗೂ ಬೇಡ, ಅವರಿಗೂ ಬೇಡ. ಊರಲ್ಲಿ ಇದರ ಮೇಲೆಯೇ ಒಂದು ತಿಂಗಳು ಮುಖ ಊದಿಸಿಕೊಂಡಿದ್ದೆವು. ಷಡ್ಡಕರು ಬ್ರೆಡ್ಡು ಮುರಿಯುತ್ತ, “ಆದರೆ ತಾನೆ,” ಎಂದರು.

ಏನು ಹಾಗೆಂದರೆ? ಅವರಿಗೂ ಬೇಡವೇ? ಊಹೂಂ ಅನ್ನುವುದು ನನ್ನ ಹಕ್ಕು. ಅದಕ್ಕೆ ಇವರು ಯಾಕೆ ಕೈ ಹಾಕಬೇಕು? ಮಧ್ಯಾಹ್ನವೆಲ್ಲ ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದೆ.

ಫೋನು ಸಿಗುವುದು ದೋಣಿಕಟ್ಟೆಯ ತುದಿಯಲ್ಲಿ ಮಾತ್ರ. ಸಂಜೆ ಹೋಗಿ ನನ್ನಾಕೆಗೆ ಮಾಡಿದೆ.

“ಹೇಗಿದೀರಿ? ಇಬ್ಬರೂ ಮಾತಾಡ್ತಿದೀರಾ?”

“ಕೈ ತೋರಿಸ್ತಿದೀವಿ.”

“ಏನು ಹಾಗಂದ್ರೆ? ನೋಡಿ, ಬೇಡ ಅಂದ್ರೆ ಬೇಡ ಅನ್ನಿ, ನಾನೇನೂ ಅಳ್ತಾ ಕೂರಲ್ಲ. ಆದರೆ ಅವಳು ಹುಟ್ಟಿದಾಗಿಂದ ಮದುವೆವರೆಗೂ ನನ್ನ ಪಕ್ಕ ಮಲಗಿದೋಳು. ಈಗ ಅಂಗಡಿ ಮುಚ್ಚಿ ನಾನೊಂದು ಕಡೆ ಬಸ್ಸು, ಅವಳೊಂದು ಕಡೆ ಬಸ್ಸು. ಆ ಊದಿದ ಮೊಣಕಾಲು ಎಳ್ಕೊಂಡು ಹತ್ತಿ, ಕಿಟಕಿಯಿಂದ ಕೈ ಬೀಸ್ತಾಳೆ. ದಿನಾ ರೀ. ನನಗೆ ಆ ಕೈ ನೋಡೋಕಾಗಲ್ಲ. ಅಷ್ಟೇ. ಸ್ವೆಟರ್ ಹಾಕ್ಕೊಳ್ಳಿ.”

ಇಟ್ಟುಬಿಟ್ಟಳು. ಸೆಖೆ. ಸ್ವೆಟರ್ ಹಾಕಿಕೊಂಡೆ.

ಜನವರಿ 9, ಗುರುವಾರ

ಮಾತಿಲ್ಲ. ಸುತ್ತಿದ್ದೇ ಸುತ್ತಿದ್ದು. ಬೇಸರಕ್ಕೆ ಬಚ್ಚಲ ನಲ್ಲಿ ರಿಪೇರಿ ಮಾಡಿದೆ. ಈಗ ಅದೂ ಮಾತಾಡುವುದಿಲ್ಲ.

ಜನವರಿ 10, ಶುಕ್ರವಾರ

ಕಾಲು ನಿಲ್ಲದೆ ಬೆಳ್ಳಂಬೆಳಗ್ಗೆ ಎದ್ದು ಹೊರಟೆ. ಸೈಕಲ್ಲಮ್ಮನ ಶೆಡ್ಡಿನ ಹಿಂದೆ ಏನೋ ದೊಪ್ಪನೆ ಬಿದ್ದ ಸದ್ದು. ಒಣಗಲು ಹಾಕಿದ್ದ ಮೀನುಬಲೆಯ ಮರೆಯಿಂದ ಇಣುಕಿದೆ.

ಷಡ್ಡಕರು ಒಂದು ಲೇಡೀಸ್ ಸೈಕಲ್ಲಿನ ಮೇಲೆ ಕೂತಿದ್ದರು. ಕೂತು ತುಳಿಯುತ್ತಿರಲಿಲ್ಲ, ಎರಡೂ ಕಾಲು ನೆಲಕ್ಕೆ ಕೊಟ್ಟು ಬಾತುಕೋಳಿಯ ಹಾಗೆ ನಡೆಯುತ್ತಿದ್ದರು. ಒಂದು ಕಾಲೆತ್ತಿದರು. ಬಿದ್ದರು. ಎದ್ದು, ಯಾರಾದರೂ ನೋಡಿದರೇ ಎಂದು ಸಮುದ್ರದ ಕಡೆ ನೋಡಿ, ಮತ್ತೆ ಹತ್ತಿದರು. ಮತ್ತೆ ಬಿದ್ದರು. ಸೈಕಲ್ಲಮ್ಮ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. “ಪೆಡಲ್ ತುಳೀಬೇಕು ಮೀಸೆ. ನೆಲ ಅಲ್ಲ.”

ಸೈಕಲ್ ಬರುವುದಿಲ್ಲ! ಊರಿಗೆಲ್ಲ ಲೈಸೆನ್ಸ್ ಕೊಡುವ ಮಹಾನುಭಾವರಿಗೆ ಸೈಕಲ್ ಬರುವುದಿಲ್ಲ! ನಾನು ಬಲೆಯ ಹಿಂದೆ ಬಾಯಿ ಮುಚ್ಚಿಕೊಂಡು ನಕ್ಕು, ಮುಖ ಗಂಭೀರ ಮಾಡಿಕೊಂಡು ಲಾಡ್ಜಿಗೆ ಓಡಿದೆ. ತಿಂಡಿಗೆ ಬಂದಾಗ ಮೊಣಕೈ ತರಚಿತ್ತು.

“ಬಾಗಿಲು ತಾಗಿತು,” ಎಂದರು.

“ಬಾಗಿಲುಗಳೇ ಹಾಗೆ,” ಎಂದೆ. ಎಂಥ ಸವಿಯಾದ ಬೆಳಗು.

ಜೋಡಿ ಸೈಕಲ್ಲಿನಲ್ಲಿ ಹೊರಟು ಸ್ವಲ್ಪ ದೂರ ಹೋಗಿರಬೇಕು. ಹಿಂದಿನಿಂದ ದನಿ ಬಂತು. ತಿರುಗಿ ಮುಖ ನೋಡುವ ಹಾಗಿರಲಿಲ್ಲ, ಹ್ಯಾಂಡಲ್ ನನ್ನ ಕೈಯಲ್ಲಿ.

“ಬೆಳಗ್ಗೆ ನೋಡಿದ್ದಾಯ್ತು, ಅಲ್ವಾ?”

“ಏನನ್ನ?”

“ಬಲೆಯ ಕೆಳಗೆ ನೀಲಿ ಚಪ್ಪಲಿ ಕಾಣ್ತು.”

ಚಪ್ಪಲಿ ನನ್ನವೇ. ಇನ್ನಷ್ಟು ಜೋರಾಗಿ ತುಳಿದೆ.

“ಕಾರು ಓಡಿಸ್ತೀನಿ, ಲಾರಿ ಓಡಿಸ್ತೀನಿ, ಬುಲ್ಡೋಜರೂ ಓಡಿಸಿದೀನಿ. ಇದೊಂದು ಆಗಲಿಲ್ಲ. ಚಿಕ್ಕಂದಿನಲ್ಲಿ ಮನೇಲಿ ಸೈಕಲ್ ಇರಲಿಲ್ಲ. ಆಮೇಲೆ ಈ ನೌಕರಿ ಬಂತು. ನೌಕರಿ ಬಂದ ಮೇಲೆ ಯಾರ ಹತ್ರ ಹೋಗಿ ಹೇಳ್ಕೊಡಿ ಅನ್ನೋದು? ನಾನು ಫೇಲ್ ಮಾಡದೇ ಇರೋರು ಯಾರಿದಾರೆ ಊರಲ್ಲಿ?”

ಅದು ನಿಜ.

“ಆ ಮನೆ ಗಲ್ಲಿ ನೋಡಿದ್ದಿದೆಯಲ್ಲ. ಕಾರು ಹೋಗಲ್ಲ. ನನ್ನವಳಿಗೆ ಅಷ್ಟು ದೂರ ನಡೆಯೋಕಾಗಲ್ಲ. ‘ಚಿಂತೆ ಯಾಕೆ, ದಿನಾ ಸಂಜೆ ನಿಮ್ಮ ಸೈಕಲ್ ಕ್ಯಾರಿಯರ್ ಮೇಲೆ ಕೂತ್ಕೊಂಡು ಮಾರ್ಕೆಟ್ಟಿಗೆ ಬರ್ತೀನಿ’ ಅಂತ ಕುಣೀತಿದಾಳೆ.”

“ಅವಳಿಗೆ ಗೊತ್ತಿಲ್ವಾ?”

“ಮದುವೆಗೆ ಮುಂಚೆ ಒಂದು ಸಲ ಕೇಳಿದ್ದಳು, ಸೈಕಲ್ ಬರುತ್ತಾ ಅಂತ. ಬರುತ್ತೆ ಅಂದುಬಿಟ್ಟೆ.” ಹಿಂದಿನ ಸೀಟು ಕಿರುಗುಟ್ಟಿತು. “ಅದಕ್ಕೇ ಭಾನುವಾರ ಮನೆ ಬೇಡ ಅನ್ನೋಣ ಅಂತ. ಯಾವುದಾದರೂ ನೆಪ ಮಾಡ್ಕೊಂಡು.”

ನೋಡಿದೆಯಾ ಅದೃಷ್ಟ! ನಾನು ಬಾಯಿ ತೆರೆಯುವುದೂ ಬೇಕಿಲ್ಲ. ಊಹೂಂ ಅವರದು, ಕಾರಣ ಅವರದು, ಕೆಟ್ಟ ಹೆಸರೂ ಅವರದೇ. ನಾನು ಭಾನುವಾರ ಕೈ ಕಟ್ಟಿ, ‘ನನ್ನದೇನೂ ಅಭ್ಯಂತರ ಇರಲಿಲ್ಲಮ್ಮ’ ಅಂದು ದೊಡ್ಡ ಮನುಷ್ಯನಾಗಬಹುದು. ಇಷ್ಟು ಸುಲಭವಾಗಿ ಕಚೇರಿಯಲ್ಲಿ ಒಂದು ಕಡತವೂ ಮುಗಿದಿಲ್ಲ.

ಸಂತೋಷವಾಗಬೇಕಿತ್ತು. ಸಂಜೆ ದೋಣಿಕಟ್ಟೆಯ ತುದಿಯವರೆಗೆ ಹೋಗಿ, ಫೋನು ಮಾಡದೆ ಬಂದೆ. ಮತ್ತೆ ಹೋದೆ. ಮತ್ತೆ ಬಂದೆ. ಮೂರನೇ ಸಲ ದೋಣಿ ಹೊರಡುತ್ತಿತ್ತು, ಅದರ ಕಿಟಕಿಯಿಂದ ಯಾರೋ ಯಾರಿಗೋ ಕೈ ಬೀಸುತ್ತಿದ್ದರು. ಅಲ್ಲಿ ನಿಲ್ಲಲಾಗಲಿಲ್ಲ.

ಜನವರಿ 11, ಶನಿವಾರ

ಬೆಳಗ್ಗೆ ಎದ್ದವನೇ ಜೋಡಿ ಸೈಕಲ್ಲು ಹಿಂದಕ್ಕೆ ಕೊಟ್ಟೆ.

“ಆಗಲೇ ಡೈವೋರ್ಸಾ?” ಅಂದಳು ಸೈಕಲ್ಲಮ್ಮ.

“ಒಂಟಿ ಸೈಕಲ್ಲು ಬೇಕು. ಒಂದೇ ಸಾಕು. ಇನ್ನೊಬ್ಬ ಹಿಂದೆ ಓಡಬೇಕು.”

ಅವಳು ನನ್ನನ್ನೂ, ಬಾಗಿಲಲ್ಲಿ ನಿಂತ ಮೀಸೆಯನ್ನೂ ನೋಡಿ, ಟೀ ಲೋಟ ತುಂಬಿಸಿಕೊಂಡು ಸ್ಟೂಲು ಹೊರಗೆ ತಂದಳು.

ಮೊದಲ ಪಾಠ ನಮ್ಮ ಎಂದಿನ ಕನ್ನಡದಲ್ಲಿ ನಡೆಯಿತು.

“ಎಡಗಾಲನ್ನು ಪೆಡಲಿನ ಮೇಲೆ ಇಡುವುದು.”

“ಇಟ್ಟಾಯ್ತು.”

“ದೃಷ್ಟಿ ಮುಂದೆ ಇರತಕ್ಕದ್ದು.”

“ಇದೆ.”

“ಎದುರಿಗೆ ಬೇಲಿ ಬರುತ್ತಿರುವುದರಿಂದ ಬ್ರೇಕನ್ನು ಹಿಡಿಯ...”

‘ತಕ್ಕದ್ದು’ ಎನ್ನುವಷ್ಟರಲ್ಲಿ ಷಡ್ಡಕ ಬೇಲಿಯ ಆಚೆ ಇದ್ದ.

ಎರಡನೆಯ ಪಾಠಕ್ಕೆ ನನ್ನ ಸ್ಥಾನಮಾನವನ್ನು ಬದಿಗಿಟ್ಟು ಬಹುವಚನಕ್ಕೆ ಇಳಿದೆ. ದೊಡ್ಡ ತ್ಯಾಗ. ಆದರೆ ‘ಹಿಡೀರಿ’ಯ ‘ರಿ’ ನನ್ನ ಬಾಯಿಂದ ಹೊರಡುವ ಹೊತ್ತಿಗೆ ಮರ ಬಂದಿತ್ತು. ಬಹುವಚನದಲ್ಲಿ ಈ ಲೋಕದಲ್ಲಿ ಯಾರೂ ಸೈಕಲ್ ಕಲಿತಿರಲಾರರು.

“ಅಯ್ಯೋ ನಿನ್ನ!” ಸೈಕಲ್ಲಮ್ಮ ಕೂಗಿದಳು. “ಪಾಠ ಹೇಳ್ತಿದೀಯೋ, ಅರ್ಜಿ ಬರೀತಿದೀಯೋ? ತುಳಿ ಅನ್ನು, ತುಳೀತಾನೆ!”

ಮೂರನೆಯದು ಪಾಠವೇ ಅಲ್ಲ. ಅವನು ನನ್ನ ಕೈ ತಪ್ಪಿಸಿಕೊಂ‍ಡು ಇಳಿಜಾರಿಗೆ ತಿರುಗಿಬಿಟ್ಟ. ಕೆಳಗೆ ಬಂಡೆ, ಬಂಡೆಯಾಚೆ ಸಮುದ್ರ. ನನ್ನ ಗಂಟಲಿನಿಂದ ಏನು ಹೊರಟಿತೋ ನನಗೇ ಸರಿಯಾಗಿ ನೆನಪಿಲ್ಲ. ಸೈಕಲ್ಲಮ್ಮ ಆಮೇಲೆ ಹೇಳಿದ್ದು: “ಹಿಡಿಯೋ! ಬ್ರೇಕ್ ಹಿಡಿಯೋ ಮಾರಾಯ! ನೆಲ ಏನು ನೋಡ್ತೀಯಾ, ಮುಂದೆ ನೋಡೋ!”

ಹಿಡಿದ. ಬಂಡೆಯ ಈಚೆ ಮರಳಿನ ಮೇಲೆ ಉರುಳಿ ಬಿದ್ದ. ನಾನು ಓಡಿ ಹೋಗಿ ನಿಂತೆ. ಅವನು ಮೀಸೆಯಲ್ಲಿದ್ದ ಮರಳು ಕೊಡವಿಕೊಂಡ, ಸೈಕಲ್ಲು ಎತ್ತಿದ.

“ಮತ್ತೆ,” ಅಂದ.

ಅಷ್ಟೇ. ಆಮೇಲೆ ದಿನವೆಲ್ಲ ನಾನು ಸೀಟು ಹಿಡಿದು ಓಡುವುದು, ತುಳಿ, ನೋಡು, ತಿರುಗು, ನೇರ ಕೂತ್ಕೋ ಎಂದು ಕಿರುಚುವುದು, ಅವನು ಬೀಳುವುದು. ಬ್ರೆಡ್ಡು ಮೊಟ್ಟೆಯನ್ನು ರಸ್ತೆಯಂಚಿನಲ್ಲೇ ನಿಂತು ತಿಂದೆವು. ಅವನ ಎರಡೂ ಅಂಗೈ ಸುಲಿದಿತ್ತು, ಮೊಟ್ಟೆ ನಾನೇ ಸುಲಿದುಕೊಟ್ಟೆ.

ಸಂಜೆ ಒಮ್ಮೆ, “ಹಿಡ್ಕೊಂಡಿರೋದು ನಿಜ ತಾನೆ?” ಅಂತ ಕೂಗಿದ.

“ಹಿಡ್ಕೊಂಡಿದೀನಿ, ತುಳಿ!” ಅಂದೆ. ಬಿಟ್ಟು ಆಗಲೇ ಬಹಳ ಹೊತ್ತಾಗಿತ್ತು. ದನಿ ದೂರದಿಂದ ಬಂತೆಂದು ತಿರುಗಿ ನೋಡಿದ, ನನ್ನನ್ನು ಅಷ್ಟು ಹಿಂದೆ ಕಂಡ, ಬಿದ್ದ.

“ಮೋಸ!”

“ಕಲಿಸೋದೇ ಹೀಗೆ.”

“ಹೋಗಲಿ. ಪಾಸಾ?”

“ಫೇಲು,” ಅಂದೆ. “ತಿರುವಿನಲ್ಲಿ ಕೈ ತೋರಿಸಲಿಲ್ಲ.”

ಅವನು ಬಿದ್ದಲ್ಲೇ ಮಲಗಿ ನಕ್ಕ. ಆ ಮೀಸೆಯ ಕೆಳಗೆ ಹಲ್ಲುಗಳಿವೆ ಎಂದು ಇವತ್ತು ತಿಳಿಯಿತು.

ಕಾಲು ಬಿದ್ದುಹೋಗಿದೆ. ಏಳೋಣ ಎಂದರೆ ಏಳಲಾರೆ. ನಾಳೆ ಏನು ಹೇಳುವುದೆಂದು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜನವರಿ 12, ಭಾನುವಾರ

ದೋಣಿಕಟ್ಟೆಯ ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಚೀಲಗಳನ್ನು ತಂದಿಟ್ಟು ದೋಣಿ ಕಾಯುತ್ತಿದ್ದೆವು. “ಇನ್ನೂ ಹೊತ್ತಿದೆ. ಒಂದು ಸಲ,” ಅಂದ. ಸೀಟು ಹಿಡಿದು ಓಡಿದೆ. ಬಿಟ್ಟೆ. ಈ ಸಲ ಹಿಡ್ಕೊಂಡಿದೀಯಾ ಎಂದು ಕೇಳಲಿಲ್ಲ, ನಾನೂ ಸುಳ್ಳು ಹೇಳಲಿಲ್ಲ. ಹೋದ. ಬೆನ್ನು ನೇರ, ಮೀಸೆ ಎರಡೂ ಕಡೆ ಗಾಳಿಗೆ. ತಿರುವು ಬಂತು. ಎಡಗೈ ಚಾಚಿದ! ಸೈಕಲ್ಲು ಒಂದು ಸಲ ಓಲಾಡಿತು. ನೆಟ್ಟಗಾಯಿತು. ಮರೆಯಾದ.

ಆಗ ನನಗೆ ಹೊಳೆಯಿತು. ನಿನ್ನೆಯೆಲ್ಲ ಅವನು ಇಳಿದದ್ದು ಬಿದ್ದೇ. ಇಳಿಯುವುದನ್ನು ನಾನು ಹೇಳಿಕೊಟ್ಟೇ ಇಲ್ಲ.

ಅಷ್ಟರಲ್ಲಿ ಫೋನು.

“ದೋಣಿ ಬಂತಾ? ಏನು ಹೇಳ್ತೀರಿ? ಮನೆ ಮಾಲೀಕರು ಇಲ್ಲೇ ಅಂಗಡೀಲಿ ಕೂತಿದಾರೆ.”

“ತಾಳೇ ಒಂದು ನಿಮಿಷ. ಅವನು ಇನ್ನೂ ಬಂದಿಲ್ಲ.”

“ಯಾವನು?”

“ಅವನೇ ಕಣೇ! ಆಗಲೇ ಹೋದೋನು, ಇಷ್ಟು ಹೊತ್ತಿಗೆ ಬರಬೇಕಿತ್ತು. ಆ ಬಂಡೆ ಹತ್ರ ಏನಾದರೂ...”

ಆ ಕಡೆ ಸದ್ದೇ ಇಲ್ಲ. ಲೈನು ಹೋಯಿತೇನೋ ಎಂದು ಹಲೋ ಹಲೋ ಅಂದೆ.

“ಇದೀನಿ,” ಅಂದಳು. ದನಿ ಒಂಥರಾ ಇತ್ತು, ಮಗ್ಗುಲಲ್ಲಿ ಯಾರನ್ನೋ ತಿವಿಯುತ್ತಿರುವವಳ ಹಾಗೆ.

ಗಂಟೆಯ ಸದ್ದು ಕೇಳಿಸಿತು. ರಸ್ತೆಯ ಇನ್ನೊಂದು ತುದಿಯಿಂದ ಬಂದ. ಬೆವರು, ಕೆಂಪು ಮುಖ, ಕಣ್ಣು ಇಷ್ಟಗಲ. ನನ್ನ ಮುಂದಿನಿಂದಲೇ ಹಾಯುತ್ತ ಕೂಗಿದ:

“ಏಯ್! ಇಳಿಯೋದು ಹೇಗೋ? ಅದನ್ನ ಹೇಳ್ಕೊಟ್ಟೇ ಇಲ್ವಲ್ಲೋ ನೀನು!”

“ತುಳೀತಾ ಇರು! ಇನ್ನೊಂದು ಸುತ್ತು ಬಾ, ಹಿಡಿತೀನಿ!”

ಹೋದ. ಈ ರಸ್ತೆ ದುಂಡಗಿರುವುದಕ್ಕೆ ಮೊದಲ ಬಾರಿಗೆ ದೇವರಿಗೆ ಕೈ ಮುಗಿದೆ.

“ಅಲ್ಲಿ ಯಾರು ಯಾರಿಗೆ ನೀನು ಅಂದಿದ್ದು?” ನನ್ನಾಕೆ ಕೇಳಿದಳು.

“ಗಾಳಿ. ಸರಿಯಾಗಿ ಕೇಳಿಸಲ್ಲ ಇಲ್ಲಿ. ಈಗ ನಾನು ಹೇಳೋದು ಕೇಳು. ಕೆಳಗಿನ ಮನೆ ಅವರಿಗಿರಲಿ.”

“ಅಂದ್ರೆ... ಹೂಂ ಅಂತಾನಾ?”

“ಮೇಲಕ್ಕೆ ಸೈಕಲ್ ಹತ್ತಿಸೋಕಾಗಲ್ವಲ್ಲೇ. ನಿನ್ನ ತಂಗಿಗೆ ಹೇಳು, ಕ್ಯಾರಿಯರ್ರಿಗೆ ಒಂದು ದಿಂಬು ಹೊಲಿ ಅಂತ. ದಪ್ಪಗಿರಲಿ.”

ಅವಳು ಏನೋ ಹೇಳುತ್ತಿದ್ದಳು, ಹಿಂದೆ ಇನ್ನೊಂದು ಹೆಣ್ಣು ದನಿಯೂ ಸೇರಿ ಒಂದೂ ಅರ್ಥವಾಗಲಿಲ್ಲ. ಇಟ್ಟೆ.

ದೋಣಿ ಬಂದು ನಿಂತಿದೆ. ದೋಣಿಯವನು ಹಗ್ಗ ಹಿಡಿದು, “ಹತ್ತಲ್ವಾ?” ಎಂದ. “ಒಬ್ಬ ಬಾಕಿ ಇದಾನೆ,” ಅಂದೆ. ಸೈಕಲ್ಲಮ್ಮ ತನ್ನ ಸೈಕಲ್ಲು ವಾಪಸು ತಗೊಳ್ಳಲು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಅವನ ಭಾರದ ಚೀಲ ಮತ್ತೆ ನನ್ನ ತೊಡೆಯ ಮೇಲಿದೆ. ಈ ದಿನಚರಿ ಬರೆಯಲು ಅನುಕೂಲವಾಗಿದೆ.

ಗಂಟೆ ಕೇಳಿಸುತ್ತಿದೆ. ಏಳಬೇಕು. ಈ ಸಲ ನಿಜವಾಗಿಯೂ ಹಿಡಿದುಕೊಳ್ಳಬೇಕು.